ಬೂದಿ ಹಚ್ಚಿ ಹೊಸೆದ ತಂತಿ

ಮದರಾಸು ಸೀಮೆಯ ಸಿಂಗಾನಲ್ಲೂರಿನ ನೂಲಿನ ಮಿಲ್ಲಿಗೆ ಕರೆಂಟು ಬಂದ ದಿನವೇ ಲಿಂಗಸಾಮಿಯ ಮಾನ ಹೋಯಿತು. ಮೊದಲಾಳಿ, ಅಂದರೆ ಮಿಲ್ಲಿನ ಧಣಿ, ಹಾರ ಹಾಕಿಕೊಂಡು ನಿಂತು ಸ್ವಿಚ್ಚು ಒತ್ತಿದರು. ಸಾಲಾಗಿ ತೂಗುಬಿಟ್ಟ ಬಲ್ಬುಗಳು ಬೆಳಗಲಿಲ್ಲ, ಕೆಂಪಗೆ ನಾಚಿಕೊಂಡವು.

"ಏನಪ್ಪಾ ಇದು, ದೀಪವಾ, ಬೀಡಿಯಾ?" ಎಂದರು ಮೊದಲಾಳಿ.

ನಕ್ಕವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಲಿಂಗಸಾಮಿಯ ಸ್ವಂತ ತಮ್ಮ ಅಂಗಪ್ಪನ್. ಅವನು ಮಿಲ್ಲಿನ ಹತ್ತಿ ಕೋಣೆಯಲ್ಲಿ ಒತ್ತಿ ಕಟ್ಟಿದ ಹತ್ತಿಯ ಬೇಲು ಬಿಚ್ಚುವ ಕೆಲಸದವನು.

ಲಿಂಗಸಾಮಿ ನೇಯ್ಗೆಯವರ ಮನೆಯವನು. ಸೋಮನೂರಿನ ಕುಳಿಮಗ್ಗದಿಂದೆದ್ದು ಮಿಲ್ಲಿನ ವೈರ್‌ಮನ್ ಆಗಿದ್ದ. ಹೂ ಪೋಣಿಸಿದಂತೆ ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಕಟ್ಟಿದ್ದ. ಮಾಲೆ ಚೆನ್ನಾಗಿಯೇ ಇತ್ತು, ಬೆಳಕು ಮಾತ್ರ ಇರಲಿಲ್ಲ.

ಎಂಜಿನಿಯರ್ ದೇವರಾಜನ್ ಒಳ್ಳೆಯ ಮನುಷ್ಯ. ಬೈಯುವ ಬದಲು ಪಾಠ ಹೇಳಿದರು. ಒಂದರ ಹಿಂದೆ ಒಂದು ಕಟ್ಟಿದರೆ ಪ್ರತಿರೋಧ ಕೂಡುತ್ತದೆ, ಪಕ್ಕಪಕ್ಕ ಕಟ್ಟಿದರೆ ಇಳಿಯುತ್ತದೆ. ಹೀಗೆ ಕೂಡಿಸಿ ಇಳಿಸಿ ಎಂಥ ಗೋಜಲನ್ನೂ ಸಣ್ಣದು ಮಾಡಬಹುದು.

"ಒಳಗೆ ಎಷ್ಟು ಸಿಕ್ಕಾದರೂ ಇರಲಿ. ಎರಡು ತುದಿ ಹೊರಗೆ ಬಿಟ್ಟು ಮೇಲೆ ಒಂದು ದುಪ್ಪಟಿ ಹೊದಿಸು. ಹೊರಗೆ ನಿಂತವನಿಗೆ ಅದು ಕರೆಂಟಿನ ಒಂದು ಮೂಲ, ಒಂದು ಪ್ರತಿರೋಧ, ಅಷ್ಟೇ. ದೀಪ ಹಾಕದೆ ಒಮ್ಮೆ ಅಳೆ, ದೀಪ ಹಾಕಿ ಒಮ್ಮೆ ಅಳೆ. ಎರಡೂ ಸಿಕ್ಕಿಬಿಡುತ್ತವೆ."

ಲಿಂಗಸಾಮಿ ಇದನ್ನು ಯಾವ ಪ್ರತಿರೋಧವೂ ಇಲ್ಲದೆ ನುಂಗಿದ. ಆಮೇಲೆ ಕಂಡದ್ದಕ್ಕೆಲ್ಲ ದುಪ್ಪಟಿ ಹೊದಿಸತೊಡಗಿದ. ಅತ್ತೆಮನೆಯ ಹದಿನಾಲ್ಕು ಜನಕ್ಕೂ ಹೊದಿಸಿ, "ಒಳಗಿರೋದು ಒಬ್ಬಳು ಅತ್ತೆ, ಒಂದು ಮುನಿಸು" ಎಂದ. ಇದಕ್ಕೂ ಅಂಗಪ್ಪನೇ ಜೋರಾಗಿ ನಕ್ಕ.

ಆದರೆ ಬೆರಳು ಮಗ್ಗ ಮರೆತಿರಲಿಲ್ಲ. ಮಗ್ಗದಲ್ಲಿ ಹಳೆಯ ಹಾಸಿನ ನೂಲು ಮುಗಿದು ಹೊಸ ಹಾಸು ಏರಿಸುವಾಗ ನೇಯ್ಗೆಯವರು ಗಂಟು ಹಾಕುವುದಿಲ್ಲ, ಗಂಟು ಹಣಿಗೆಯಲ್ಲಿ ಸಿಕ್ಕುತ್ತದೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎಳೆಗೆ ಎಳೆ ಹೊಸೆಯುತ್ತಾರೆ. ಜಾರುವುದಿಲ್ಲ, ಕಾಣುವುದೂ ಇಲ್ಲ. ಹತ್ತಿ ಕೋಣೆಗೆ ತಂತಿ ಎಳೆಯುವಾಗ ತುಂಡು ಸಾಲಲಿಲ್ಲ. ಲಿಂಗಸಾಮಿ ಏಣಿಯ ಮೇಲೆ ನಿಂತು, ಅಭ್ಯಾಸಬಲದಿಂದ ಬೆರಳಿಗೆ ಬೂದಿ ಹಚ್ಚಿ ತಾಮ್ರಕ್ಕೆ ತಾಮ್ರ ಹೊಸೆದ. ಅಪ್ಪ ನೋಡಿದ್ದರೆ ಬೆನ್ನು ತಟ್ಟುವಂಥ ಹೊಸೆತ.

ಒಂದು ದಿನ ಅಂಗಪ್ಪನ್ ಬಂದ. "ಅಣ್ಣಾ, ನಮ್ಮ ಹತ್ತಿ ರೂಮಲ್ಲಿ ದೀಪ ಮಂಕು. ಮೇಲಿಂದ ಕಮರು ವಾಸನೆ ಬೇರೆ ಬರ್ತದೆ. ಏಣಿ ಹಾಕಿ ನೋಡು."

"ಏಣಿ ಯಾಕೋ. ಲೆಕ್ಕ ಇರೋದು ಯಾಕೆ?"

ತಂತಿಯ ತುದಿಯಲ್ಲಿ ದೀಪ ಹಾಕದೆ ಅಳೆದ, ಹಾಕಿ ಅಳೆದ. ಇಡೀ ಸಾಲು ಒಂದು ಮೂಲ, ಒಂದು ಪ್ರತಿರೋಧವಾಯಿತು. ಪ್ರತಿರೋಧ ಸ್ವಲ್ಪ ಹೆಚ್ಚೇ ಇತ್ತು.

"ತಂತಿ ಉದ್ದ ಅಲ್ವಾ, ಅಷ್ಟು ಇರ್ತದೆ. ಹೋಗಿ ಕೆಲಸ ನೋಡು."

ಆ ಹೆಚ್ಚು ಇಡೀ ತಂತಿಯ ಉದ್ದಕ್ಕೆ ಹರಡಿಕೊಂಡಿದ್ದರೆ ತಂತಿ ಬೆಚ್ಚಗಾಗುತ್ತಿತ್ತು, ಅಷ್ಟೇ. ಅದು ಕೂತಿದ್ದು ಬೂದಿಯ ಹೊಸೆತದಲ್ಲಿ, ಒಂದೇ ಕಡೆ. ಹೊರಗಿನ ಅಳತೆಗೆ ಎರಡೂ ಒಂದೇ. ದುಪ್ಪಟಿಯ ಒಳಗಿದ್ದದ್ದು ಹತ್ತಿ, ಮತ್ತು ಅಂಗಪ್ಪನ್.

ಆ ವಾರವೇ ಹತ್ತಿ ಕೋಣೆ ಹೊತ್ತಿತು. ಉಳಿದವರು ಬಾಗಿಲಿಗೆ ಓಡಿದರು. ಅಂಗಪ್ಪನ್ ಬೇಲುಗಳ ಹಿಂದಿದ್ದ.

ಬೀಡಿಯಿಂದ ಆಯಿತು ಎಂದರು ಮಿಲ್ಲಿನವರು. ಬೀಡಿ ಎಂದು ಬರೆದರೆ ತಪ್ಪು ಸತ್ತವನದು. ಅವನ ಹೆಂಡತಿ ಬೆಳ್ಳಿಯಮ್ಮ ಕೂಸಿನೊಡನೆ ಮಿಲ್ಲಿನ ಲೈನ್‌ಮನೆ ಬಿಡಬೇಕು. ತಂತಿ ಎಂದಾದರೆ ಮನೆ ಉಳಿಯುತ್ತದೆ. ವಿಚಾರಣೆಗೆ ಮದರಾಸಿನಿಂದ ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ದೇವರಾಜನ್ ಲಿಂಗಸಾಮಿಯನ್ನು ಕರೆದು ಹೇಳಿದರು: "ಅವರಿಗೆ ಒಂದು ಬೆಂಕಿಗೆ ಒಂದೇ ಕಾರಣ ಬೇಕು. ಎರಡು ಕೊಟ್ಟರೆ ಮಿಲ್ಲಿಗೆ ಹಿತವಾದದ್ದನ್ನು ಬರೆದುಕೊಳ್ಳುತ್ತಾರೆ. ನೋಡಿಕೊಂಡು ಮಾತಾಡು."

ಬೆಳ್ಳಿಯಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. "ಭಾವಾ, ಒಳಗೆ ಏನಿತ್ತು ಅಂತ ನಿಮಗೆ ಗೊತ್ತಲ್ಲ. ಮುಚ್ಚಬೇಡಿ. ಪೂರಾ ಹೇಳಿಬಿಡಿ."

"ಹೇಳ್ತೀನಮ್ಮಾ. ಇನ್ನು ಮೇಲೆ ನಾನು ಯಾವುದಕ್ಕೂ ದುಪ್ಪಟಿ ಹೊದಿಸಲ್ಲ."

ಮರುದಿನ ಮಿಲ್ಲಿನ ಆಫೀಸಿನಲ್ಲಿ ಲಿಂಗಸಾಮಿ ಮೇಜಿನ ಮೇಲೆ ಒಂದು ತಾಮ್ರದ ತುಂಡು ಇಟ್ಟ. ಹೊಸೆದ ಜಾಗ ಕರಗಿ ಗೋಲಿಯಾಗಿತ್ತು.

"ಇದು ನಾನು ಹೊಸೆದದ್ದು ಸಾರ್. ಬೂದಿ ಹಚ್ಚಿದ್ದೆ. ವಾಸನೆ ಬರ್ತದೆ ಅಂತ ತಮ್ಮ ಹೇಳಿದ. ನಾನು ಏಣಿ ಹತ್ತಲಿಲ್ಲ, ಲೆಕ್ಕ ಮಾಡಿದೆ."

ಮೊದಲಾಳಿ ಕಿಟಕಿ ನೋಡಿದರು. ದೇವರಾಜನ್ ತಮ್ಮ ಬೂಟು ನೋಡಿಕೊಂಡರು. ಇನ್ಸ್‌ಪೆಕ್ಟರ್ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, ಪೆನ್ನು ಬಿಚ್ಚಿದರು. ವರಾಂಡದಲ್ಲಿ ಕೂಸನ್ನು ಎತ್ತಿಕೊಂಡಿದ್ದ ಬೆಳ್ಳಿಯಮ್ಮ ಮೊದಲ ಬಾರಿಗೆ ಗೋಡೆಗೆ ಒರಗಿದಳು.

"ಹಾಗಾದರೆ ತಂತಿ," ಎಂದರು ಇನ್ಸ್‌ಪೆಕ್ಟರ್. "ನಿನ್ನ ತಮ್ಮನಿಗೆ ಬೀಡಿಯ ಅಭ್ಯಾಸ ಇರಲಿಲ್ಲ, ಅಲ್ಲವಾ?"

ಲಿಂಗಸಾಮಿ ವರಾಂಡದಲ್ಲಿದ್ದ ಬೆಳ್ಳಿಯಮ್ಮನ ಕಡೆ ನೋಡಿದ.

"ಇತ್ತು ಸಾರ್," ಎಂದ. "ಅವತ್ತಿನ ಕಟ್ಟು ನಾನೇ ತಂದುಕೊಟ್ಟಿದ್ದೆ."