ವೆಲ್ಡಾ ಕ್ರಿಮ್‌ಳ ಮೂವತ್ತೆರಡು

ವೆಲ್ಡಾ ಕ್ರಿಮ್ ಮೂವತ್ನಾಲ್ಕು ವರ್ಷ ನಮ್ಮ ಶಾಲೆಯ ಬಸ್ಸು ಓಡಿಸಿದವಳು. ಡ್ರೈ ಫೋರ್ಕ್ ಹಳ್ಳದ ಆಚೀಚೆ ಇರುವ ಅರ್ಧ ಜನ ಅವಳ ಬಾಯಲ್ಲಿ ಬೈಸಿಕೊಂಡೇ ದೊಡ್ಡವರಾದವರು. ಎಪ್ಪತ್ತೊಂದರಲ್ಲೂ ಆ ಗಂಟಲು ಹಾಗೇ ಇದೆ. ಕೈಕೊಟ್ಟದ್ದು ಹೆಬ್ಬೆರಳುಗಳು ಮಾತ್ರ. ಬಸ್ಸಿನ ಆ ದೊಡ್ಡ ಚಕ್ರ ತಿರುಗಿಸಿ ತಿರುಗಿಸಿ ಗೆಣ್ಣು ಸವೆದು, ಈಗ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಬೇಕಾದರೂ ಅವಳು ಇಕ್ಕಳ ಹುಡುಕುತ್ತಾಳೆ.

ಇದು ನಮಗೆಲ್ಲ ಗೊತ್ತಾದದ್ದು ಕಳೆದ ಏಪ್ರಿಲ್‌ನಲ್ಲಿ, ನಮ್ಮ ಬಂದೂಕು ಕ್ಲಬ್ಬಿನ ಗುರಿಬಯಲಿನಲ್ಲಿ, ಹತ್ತಿಪ್ಪತ್ತು ಜನರ ಎದುರಿಗೆ. ಅವಳ ಒಂಬತ್ತು ಮಿಲಿಮೀಟರಿನ ಪಿಸ್ತೂಲಿನ ಸ್ಲೈಡು, ಅಂದರೆ ಮೇಲೆ ಜಾರುವ ಉಕ್ಕಿನ ಭಾಗ, ಅವಳು ಎಷ್ಟು ಎಳೆದರೂ ಹಿಂದಕ್ಕೆ ಬರಲಿಲ್ಲ. ಮೂರು ಸಲ ಎಳೆದಳು. ಮುಖ ಕೆಂಪಾಯಿತು. ಒಳಗೆ ಒಂದು ಕಾಡತೂಸು ಉಳಿದೇ ಇತ್ತು. ಅವತ್ತು ಗುಂಡು ಹೊಡೆಯುವವರು ನಿಲ್ಲುವ ಗೆರೆಯ ಉಸ್ತುವಾರಿ ನನ್ನದು. ಪಿಸ್ತೂಲನ್ನು ನಾನೇ ತೆಗೆದುಕೊಂಡು, ಜನರಿಗೆ ಬೆನ್ನು ಕೊಟ್ಟು, ಬೆಲ್ಟಿನ ಅಂಚಿಗೆ ಆನಿಸಿ ಎಳೆದು ಖಾಲಿ ಮಾಡಿದೆ. ತನ್ನ ಆಯುಧವನ್ನು ತಾನೇ ತುಂಬಿ ತಾನೇ ಖಾಲಿ ಮಾಡಲಾರದವರು ಗೆರೆಯ ಮೇಲೆ ನಿಲ್ಲುವಂತಿಲ್ಲ. ನಿಯಮ ಅಂದರೆ ನಿಯಮ.

"ವೆಲ್ಡಾ, ಇನ್ಮೇಲೆ ಅಂಕ ಬರೆಯೋ ಮೇಜಿಗೆ ಬಂದ್ಬಿಡು. ಅಲ್ಲಿ ನೆರಳಿದೆ, ಕಾಫಿ ಇದೆ" ಅಂದೆ.

"ಆ ನೆರಳನ್ನ ನೀನೇ ಹೊದ್ಕೊಂಡು ಮಲ್ಕೋ, ಲಾಯ್ಡ್!" ಅಂದಳು. "ಅಕ್ಟೋಬರ್ ಪಂದ್ಯದಲ್ಲಿ ನಾನೇ ತುಂಬ್ತೀನಿ, ನಾನೇ ಹೊಡೀತೀನಿ, ಆರೂ ಗುರಿತಟ್ಟೆ ಬೀಳಿಸ್ತೀನಿ. ಆಗ್ಲಿಲ್ವಾ, ಕ್ಲಬ್ಬು ಬಿಟ್ಟೆ ಅಂತ ಗೇಟಿನ ಬೀಗದ ಕೈ ನಿನ್ನ ಕೈಗಿಟ್ಟು ಮನೆಗೆ ಹೋಗ್ತೀನಿ. ಮೇಜಿಗಂತೂ ಬರಲ್ಲ."

ಹೇಳಿದ್ದನ್ನು ಮಾಡುವವಳು ಅವಳು. ಬಸ್ಸಿನಲ್ಲಿ ಗಲಾಟೆ ಮಾಡಿದ್ದಕ್ಕೆ ಒಮ್ಮೆ ನನ್ನ ತಮ್ಮನನ್ನು ಸೇತುವೆಯ ಹತ್ತಿರ ಇಳಿಸಿಯೇ ಬಿಟ್ಟಿದ್ದಳು. ಹಾಗಾಗಿ ಇದು ಬರೀ ಮಾತಲ್ಲ ಅಂತ ನನಗೆ ಗೊತ್ತಿತ್ತು. ವೆಲ್ಡಾ ಇಲ್ಲದ ಗುರಿಬಯಲು ನಾನು ಕಂಡವನೇ ಅಲ್ಲ.

ಜೂನ್‌ನಲ್ಲಿ ಸ್ಪ್ರಿಂಗ್‌ಫೀಲ್ಡಿನ ಬಂದೂಕು ಸಂತೆಗೆ ಅವಳನ್ನು ನನ್ನ ಪಿಕಪ್ಪಿನಲ್ಲಿ ಕರೆದುಕೊಂಡು ಹೋದೆ. ತಾನೂ ಇಷ್ಟು ದಿನ ಹೊಡೆದದ್ದು ಒಂಬತ್ತರಲ್ಲೇ ಆದರೂ ಒಂಬತ್ತರ ಮೇಜುಗಳ ಕಡೆ ಅವಳು ತಿರುಗಿಯೂ ನೋಡಲಿಲ್ಲ. "ಎಲ್ಲರ ಮನೇಲೂ ಇರೋದನ್ನ ಇಲ್ಲಿ ತನಕ ಬಂದು ಏನ್ ನೋಡೋದು?" ಅನ್ನುವುದು ಅವಳ ಹಳೆಯ ವರಸೆ. ಯಾವ ಪಿಸ್ತೂಲಿನ ಕಾಡತೂಸು ಕೇಳಿದರೆ ಅಂಗಡಿಯವನು ತಲೆ ಕೆರೆದುಕೊಳ್ಳುತ್ತಾನೋ ಅದರ ಮೇಲೇ ಅವಳಿಗೆ ಪ್ರೀತಿ. ಕಟ್ಟಕಡೆಯ ಮೇಜಿನಲ್ಲಿ, ಒಣಮಾಂಸ ಅಗಿಯುತ್ತ ಕೂತ ಮುದುಕನೊಬ್ಬನ ಮುಂದೆ, ತೆಳ್ಳಗಿನ ಕಪ್ಪು ಪಿಸ್ತೂಲೊಂದಿತ್ತು. ಇಟಲಿಯದಂತೆ, ಒಡಲು ಅಲ್ಯೂಮಿನಿಯಂ, ಮೂವತ್ತೆರಡರ ಅಳತೆ, ಸಣ್ಣ ಹಗುರ ಗುಂಡಿನದು. ನಮ್ಮ ಕ್ಲಬ್ಬಿನಲ್ಲಿ ಯಾರೂ ಇಟ್ಟುಕೊಳ್ಳದ ಅಳತೆ.

ಮುದುಕನನ್ನು ಕೇಳಿ ವೆಲ್ಡಾ ಅದನ್ನು ಎತ್ತಿಕೊಂಡಳು. ಉಸಿರು ಬಿಗಿಹಿಡಿದು ಸ್ಲೈಡು ಹಿಡಿದಳು. ಎಳೆದಳು. ಬಂತು! ಮೇಜಿನ ಡ್ರಾಯರ್ ಜಾರಿದಷ್ಟು ಸಲೀಸಾಗಿ ಬಂದೇಬಿಟ್ಟಿತು!

"ಲಾಯ್ಡ್! ಲೋ ಲಾಯ್ಡ್! ಬಂತು ಕಣೋ! ನೋಡು, ಮತ್ತೆ ಬಂತು!"

ಸಭಾಂಗಣದ ಜನವೆಲ್ಲ ತಿರುಗಿ ನೋಡಿದರು. ಅವಳಿಗೆ ಅದರ ಪರಿವೆಯೇ ಇಲ್ಲ. ಎಳೆಯುತ್ತಾಳೆ, ಬಿಡುತ್ತಾಳೆ, ನಗುತ್ತಾಳೆ. ಆಮೇಲೆ ನನ್ನ ಕೈಗೂ ಕೊಟ್ಟಳು. ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ನನ್ನ ನಲವತ್ತೈದರ ಪಿಸ್ತೂಲು ಎರಡೂವರೆ ಪೌಂಡಿನ ಉಕ್ಕು. ಇದರ ತೂಕ ಒಂದೂವರೆ ಇದ್ದರೆ ಹೆಚ್ಚು. ಹಿಡಿ ಅಂಗೈಯಲ್ಲಿ ತಾನಾಗಿ ಕೂತಿತು, ಕಣ್ಣೆತ್ತಿದರೆ ನಳಿಗೆ ತುದಿಯ ಗುರಿಮುಳ್ಳು ಎದುರಿಗೇ ಇತ್ತು. ಅದನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ. ಆದರೆ ಬಾಯಿಂದ ಬಂದದ್ದು, "ಆಟದ ಸಾಮಾನು" ಅಂತ.

"ಹೊಟ್ಟೆಕಿಚ್ಚು ಅಂತ ಹೇಳು" ಅಂದಳು. ಕೊಳ್ಳುವ ಫಾರಂ ತುಂಬಿಕೊಟ್ಟು, ಫೋನಿನಲ್ಲಿ ಸರ್ಕಾರದ ಒಪ್ಪಿಗೆ ಬರುವವರೆಗೂ ಅವಳು ನಿಂತಲ್ಲಿ ನಿಲ್ಲಲಿಲ್ಲ.

ಅದಕ್ಕೆ ಕಾಡತೂಸು ಊರಲ್ಲಿ ಎಲ್ಲೂ ಸಿಗಲಿಲ್ಲ. ಸಂತೆಯಲ್ಲಿ ಸಿಕ್ಕಿದ್ದ ಎರಡು ಡಬ್ಬ ಮುಗಿದ ಮೇಲೆ ಅಡುಗೆಮನೆಯ ಮೇಜಿಗೆ ಒತ್ತುಯಂತ್ರ ಬಿಗಿದು, ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಚಿಪ್ಪುಗಳಿಗೇ ಮತ್ತೆ ಮದ್ದುಗುಂಡು ತುಂಬತೊಡಗಿದಳು. ಕಿರುಬೆರಳಿನ ತುದಿಯಷ್ಟಿರುವ ಹಿತ್ತಾಳೆಯ ಚಿಪ್ಪುಗಳು. ಒಂದು ಕಳೆದರೆ ಒಂದು ಹೋದಂತೆಯೇ. ನಮ್ಮ ಬಯಲಿನಲ್ಲಿ ಚಿಪ್ಪು ಬಗ್ಗಿ ಎತ್ತಿಕೊಂಡವನದು; ಯಾರೂ ಇನ್ನೊಬ್ಬರಿಗಾಗಿ ಬಗ್ಗುವುದಿಲ್ಲ. ಅವಳೊಬ್ಬಳೇ ಮಂಡಿಯೂರಿ ಹುಲ್ಲು ಕೆದಕುತ್ತಿದ್ದಳು.

ಜುಲೈನಲ್ಲಿ ಮೊದಲ ಸಲ ತಟ್ಟೆಗಳಿಗೆ ಹೊಡೆದಳು. ಸಾಲಾಗಿ ಆರು ಉಕ್ಕಿನ ತಟ್ಟೆ, ಬುಡದಲ್ಲಿ ಕೀಲು, ಪೆಟ್ಟು ಬಿದ್ದರೆ ಹಿಂದಕ್ಕೆ ಮಗುಚಬೇಕು. ಅವಳ ಗುಂಡು ನಡುಮಧ್ಯಕ್ಕೇ ಬಿತ್ತು. ಠಣ್! ತಟ್ಟೆ ಅಲುಗಿ ನಿಂತಿತು. ಇನ್ನೊಂದು, ಠಣ್! ಅದೂ ನಿಂತಿತು.

ಕೊಳಾಯಿ ಕೆಲಸದ ಡ್ಯಾರಿಲ್ ಮ್ಯಾಪ್ಸ್, ಒಂದು ಕಾಲಕ್ಕೆ ಅವಳ ಬಸ್ಸಿನ ಹಿಂದಿನ ಸೀಟಿನವನೇ, ಕೂಗಿದ: "ಅಜ್ಜೀ, ಬಾಗಿಲು ತಟ್ತಾ ಇದ್ದೀರಾ? ಒಳಗೆ ಯಾರೂ ಇಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಮಿಕ್ಕವರಿಗಿಂತ ಜೋರಾಗಿ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ದಿನ ಬಿಟ್ಟು ಬೆಳಿಗ್ಗೆ, ನಾನು ಗ್ರೇವಿಯಲ್ಲಿ ನಮ್ಮ ಕಡೆಯ ಮೆತ್ತನೆ ಬನ್ನಿನಂಥ ಬಿಸ್ಕೆಟ್ ಅದ್ದುತ್ತಿರುವಾಗ ಫೋನು ಬಂತು. "ಲಾಯ್ಡ್! ಬಸ್ಸಿನ ಹಿಂಬಾಗಿಲು!"

"ಏನಾಯ್ತು ಅದಕ್ಕೆ?"

"ಚಿಕ್ಕ ಮಕ್ಕಳು ಕೀಲಿನ ಪಕ್ಕ ಕೈಯಿಟ್ಟು ನೂಕ್ತಿದ್ರು, ಬಾಗಿಲು ಅಲ್ಲಾಡ್ತಿರ್ಲಿಲ್ಲ. ಹಿಡಿ ಇರೋ ಅಂಚಿಗೆ ಒಂದು ಬೆರಳು ಇಟ್ರೆ ಸಾಕು, ತೆಗೀತಿತ್ತು. ಈ ತಟ್ಟೆಗಳ ಕೀಲೆಲ್ಲಿದೆ? ಕಾಲಲ್ಲಿ! ಹಣೆಗೆ ಹೊಡೀಬೇಕು ಕಣೋ, ನಾನು ಹೊಟ್ಟೆಗೆ ಹೊಡೀತಿದ್ದೆ!"

ಅವತ್ತಿನಿಂದ ಅವಳಿಗೆ ಆಗಸ್ಟಿನ ಬಿಸಿಲೂ ಲೆಕ್ಕಕ್ಕಿರಲಿಲ್ಲ. ತಟ್ಟೆಯ ಮೇಲಂಚಿನ ಎರಡು ಬೆರಳಗಲದ ಜಾಗಕ್ಕೆ ಹೊಡೆದೂ ಹೊಡೆದೂ ಅಲ್ಲಿನ ಬಣ್ಣವೇ ಹೋಯಿತು. ಭಾರದ ಗುಂಡಿನ ನಾವೆಲ್ಲ ತಟ್ಟೆಯ ಎಲ್ಲಿಗಾದರೂ ಬಡಿದರೆ ನಡೆಯುತ್ತಿತ್ತು. ಅವಳ ಹಗುರ ಗುಂಡಿಗೆ ಹಾಗಲ್ಲ.

ಅಕ್ಟೋಬರಿನ ಮೊದಲ ಶನಿವಾರ. ದೊಡ್ಡ ಪಾತ್ರೆಯಲ್ಲಿ ಚಿಲ್ಲಿ, ಅಂದರೆ ಮಾಂಸದ ಖಾರದ ಸಾರು, ಕುದಿಯುತ್ತಿತ್ತು, ಪಕ್ಕದಲ್ಲಿ ಜೋಳದ ಬ್ರೆಡ್ಡು. ವೆಲ್ಡಾ ಬಂದವಳೇ ಬೀಗದ ಕೈಯನ್ನು ಅಂಕದ ಮೇಜಿನ ಮೇಲಿಟ್ಟಳು. ನಾನು ನನ್ನ ಸರದಿ ಮುಗಿಸಿ ಮತ್ತೆ ಉಸ್ತುವಾರಿಗೆ ನಿಂತೆ. ಅವಳು ಗೆರೆಗೆ ಬಂದಳು. ಹೊತ್ತು ಅಳೆಯುವ ಗಡಿಯಾರ ಪೀಪ್ ಅಂದಿತು.

ಠಣ್, ಮೊದಲನೆಯದು ಬಿತ್ತು! ಎರಡನೆಯದು ಬಿತ್ತು! ಮೂರನೆಯದು ಎರಡು ಪೆಟ್ಟಿಗೆ, ನಾಲ್ಕು ಒಂದಕ್ಕೆ, ಐದು ಮತ್ತೆ ಎರಡಕ್ಕೆ! ಯಾರೋ ಚಿಲ್ಲಿಯ ಸೌಟು ಕೆಳಗೆ ಬಿಟ್ಟರು. ಆರನೆಯ ತಟ್ಟೆ ಮಾತ್ರ ಹಟ ಹಿಡಿಯಿತು. ಐದು ಗುಂಡು ಹೋದವು. ತಟ್ಟೆ ತೂಗಾಡಿತು, ಬೀಳಲಿಲ್ಲ. ಸ್ಲೈಡು ಹಿಂದಕ್ಕೆ ಹೋಗಿ ನಿಂತಿತು. ಹನ್ನೆರಡೂ ಖಾಲಿ.

ಅವಳು ಕಾಡತೂಸು ತುಂಬಿದ ಎರಡನೇ ಮ್ಯಾಗಜೀನನ್ನು ಪಿಸ್ತೂಲಿನ ಹಿಡಿಯೊಳಗೆ ತೂರಿಸಿದಳು. ಈಗ ಸ್ಲೈಡು ಎಳೆಯಬೇಕು. ಏಪ್ರಿಲ್‌ನಲ್ಲಿ ಕೈಕೊಟ್ಟ ಕೆಲಸ ಇದೇ. ಹೆಬ್ಬೆರಳು ಒಂದು ಸಲ ಜಾರಿತು. "ನಿಧಾನ ಅಜ್ಜೀ" ಅಂತ ಡ್ಯಾರಿಲ್ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಅವಳು ಪ್ಯಾಂಟಿಗೆ ಕೈ ಒರೆಸಿಕೊಂಡು ಮತ್ತೆ ಹಿಡಿದಳು, ಎಳೆದಳು, ಬಿಟ್ಟಳು. ಟಕ್! ಉಸಿರು ಬಿಟ್ಟಳು. ಠಣ್! ತಟ್ಟೆ ಅಂಗಾತ ಮಗುಚಿತು!

ಬಯಲೆಲ್ಲ ಕೂಗು. ನಾನಂತೂ ಉಸ್ತುವಾರಿ ಅನ್ನುವುದನ್ನೇ ಮರೆತು ಕುಣಿದುಬಿಟ್ಟೆ. ಲೆಕ್ಕಕ್ಕೆ ಅವಳು ಕೊನೆಯಿಂದ ಎರಡನೆಯವಳು. ಅದು ಯಾರಿಗೆ ಬೇಕಿತ್ತು? ಪಿಸ್ತೂಲನ್ನು ತಾನೇ ಖಾಲಿ ಮಾಡಿ ತೋರಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡಳು.

ಆಮೇಲೆ ಎಂದಿನಂತೆ ಮಂಡಿಯೂರಲು ಹೋದಳು. ಅವಳಿಗಿಂತ ಮೊದಲೇ ಡ್ಯಾರಿಲ್ ನೆಲದ ಮೇಲಿದ್ದ. "ಹದಿಮೂರಲ್ವಾ ಅಜ್ಜೀ? ಸುಮ್ನೆ ಕೂತ್ಕೊಳ್ಳಿ." ಅವನ ಹಿಂದೆ ಇನ್ನೊಬ್ಬ ಬಗ್ಗಿದ, ಮತ್ತೊಬ್ಬ ಬಗ್ಗಿದ. ಅಷ್ಟು ದೊಡ್ಡ ಹೊಟ್ಟೆಗಳು ಒಟ್ಟಿಗೆ ಬಗ್ಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಹನ್ನೆರಡು ಸಿಕ್ಕವು, ಹದಿಮೂರನೆಯದು ಸಿಗಲೇ ಇಲ್ಲ.

ಅದು ಸಿಕ್ಕಿದ್ದು ಮಾರನೆಯ ದಿನ ನನ್ನ ಮನೆಯಲ್ಲಿ. ಪಂದ್ಯ ಮುಗಿದ ಮೇಲೆ ಹುಲ್ಲಿನಿಂದ ಬಾಚಿ ತಂದಿದ್ದ ನನ್ನ ನಲವತ್ತೈದರ ಚಿಪ್ಪುಗಳನ್ನು ತೊಳೆಯುತ್ತಿದ್ದಾಗ ಒಂದರೊಳಗೆ ಏನೋ ಗಲಗಲ ಅಂದಿತು. ಕೊಡವಿದೆ. ಕಿರುಬೆರಳಿನ ತುದಿಯಷ್ಟು ಹಿತ್ತಾಳೆ ಅಂಗೈಗೆ ಬಿತ್ತು. ಹಾಗೇ ಹೊರಟು ಅವಳ ಮನೆಯ ಜಗಲಿಗೆ ಹೋಗಿ ಕೊಟ್ಟೆ.

ಅವಳು ಚಿಪ್ಪನ್ನು ನೋಡಲಿಲ್ಲ. ಊದಿದ್ದ ನನ್ನ ಬಲಗೈ ಮಣಿಕಟ್ಟನ್ನು ನೋಡಿದಳು. ಮೂರು ವರ್ಷದಿಂದ ಪ್ರತಿ ಪಂದ್ಯದ ಮಾರನೇ ದಿನ ನಾನು ಅದಕ್ಕೆ ಮಂಜುಗಡ್ಡೆ ಕಟ್ಟುತ್ತೇನೆ. ನನ್ನ ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

"ಏಪ್ರಿಲ್‌ನಲ್ಲೇ ಗೊತ್ತಾಯ್ತು" ಅಂದಳು. "ನನ್ನ ಪಿಸ್ತೂಲನ್ನ ನೀನೂ ಬರೀ ಕೈಯಲ್ಲಿ ಎಳೀಲಾರ್ದೆ ಬೆಲ್ಟಿಗೆ ಒತ್ತಿ ಎಳೆದೆಯಲ್ಲ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ? ನಾನು ನಿನ್ನನ್ನ ಮೇಜಿಗೆ ಕಳಿಸ್ತಿದ್ದೆನಲ್ಲ!"

"ಹೇಳಿದ್ರೆ ಇಬ್ರೂ ಮೇಜಿನ ಹತ್ರ ಕೂತಿರ್ತಿದ್ವಿ."

ಒಳಗೆ ಹೋಗಿ ಆ ಕಪ್ಪು ಪಿಸ್ತೂಲನ್ನೂ ಚಿಪ್ಪಿನ ಡಬ್ಬವನ್ನೂ ತಂದಳು. ಹದಿಮೂರನೆಯದನ್ನು ಡಬ್ಬಕ್ಕೆ ಹಾಕಿ, ಪಿಸ್ತೂಲು ಖಾಲಿಯಿದೆಯೆಂದು ತೆರೆದು ತೋರಿಸಿ, ನನ್ನ ಕೈಯಲ್ಲಿಟ್ಟಳು. ಸ್ಲೈಡು ಎಳೆದೆ. ನೋಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ನಗುವೂ ಬಂತು.

"ಸ್ಪ್ರಿಂಗ್‌ಫೀಲ್ಡಿನ ಸಂತೆ ಮತ್ತೆ ನವೆಂಬರಲ್ಲಿದೆ" ಅಂದಳು ವೆಲ್ಡಾ. "ಈ ಸಲ ಗಾಡಿ ನಾನು ಓಡಿಸ್ತೀನಿ. ನೀನು ಗಲಾಟೆ ಮಾಡ್ದೆ ಕೂತಿರ್ಬೇಕು."