ಎರಡು ಕಂಪ್ಯೂಟರಿನ ಕೂಸು

ಬನಹಟ್ಟಿಯಲ್ಲಿ ತಂಗಿಯ ಗಂಡನ ಮನೆ. ಪಕ್ಕದ ಕೋಣೆಯ ಮಗ್ಗಗಳು ಬಡಿಯುತ್ತಿದ್ದರೆ ತಂಗಿಯ ಕೂಸು ನಿದ್ದೆ ಮಾಡುತ್ತದೆ. ಕರೆಂಟು ಹೋಗಿ ಎಲ್ಲ ಸುಮ್ಮನಾದರೆ ಎದ್ದು ಅಳುತ್ತದೆ. ಅವತ್ತು ಹಾಗೆ ಎದ್ದಾಗ ತಂಗಿ ಮೊಲೆಗೆ ಹಾಕಿಕೊಂಡಳು. ಎರಡು ಗುಟುಕು, ಏದುಸಿರು, ಮತ್ತೆ ಎರಡು ಗುಟುಕು. ಚಳಿಗಾಲದಲ್ಲೂ ಕೂಸಿನ ಹಣೆಯ ತುಂಬ ಬೆವರು.

"ಎದಿಯಾಗ ಏನೋ ಸಪ್ಪಳ ಐತಿ, ಮತ್ತ ತೋರಸ್ರಿ ಅಂದಿದ್ರಲ್ಲ, ಹೆರಗಿ ಆದಾಗ ಮುಧೋಳದ ಡಾಕ್ಟರು?" ಎಂದೆ.

"ತಾನ ಹೋಗ್ತೈತಿ, ಅಂಜಬ್ಯಾಡ್ರಿ ಅಂದ್ರು. ತೋರಸ್ರಿ ಅಂದದ್ದು ನಾ ಕೇಳಿಲ್ಲ ಬೇ ಅಕ್ಕ."

ಅವಳ ಅತ್ತೆ ಒಳಗಿನಿಂದಲೇ ನಕ್ಕರು. "ಮಗ್ಗದ ಮುಂದ ನಮ್ಮ ಮನಿಯವರ ಗೊರಕಿನೂ ಕೇಳಸಂಗಿಲ್ಲ, ಇನ್ನ ಕೂಸಿನ ಎದಿ ಸಪ್ಪಳ! ಮೊನ್ನೆ ಇಲ್ಲೇ ದವಾಖಾನ್ಯಾಗ ಕಫ ಅಂದ್ರು, ಔಷಧ ಕೊಟ್ರು. ಆತು."

ಆಸ್ಪತ್ರೆಯಲ್ಲಿ ತಂಗಿ ಮಂಚದ ಮೇಲೆ, ನಾನು ಪಕ್ಕದಲ್ಲಿ; ಇಬ್ಬರೂ ಡಾಕ್ಟರ ಒಂದೇ ಮಾತು ಕೇಳಿದ್ದೆವು. ನನ್ನ ಕಿವಿಗೆ ಬಿದ್ದದ್ದೇ ಸರಿ ಎನ್ನಲು ನನ್ನಲ್ಲಿ ಏನಿತ್ತು? ಅಂದಿನ ದಿನಚರಿಯಲ್ಲಿ ಕೂಸಿನ ಕೂದಲಿನ ಬಗ್ಗೆ ಬರೆದಿದ್ದೇನೆ, ಎದೆಯ ಬಗ್ಗೆ ಇಲ್ಲ.

ಮರುದಿನ ಮುಧೋಳದ ಆ ಆಸ್ಪತ್ರೆಗೆ ಹೋದೆ. ತಂಗಿಯ ಗಂಡನ ಹೆಸರಿನಲ್ಲಿ ಹುಡುಕಿದರೆ ಕೂಸೇ ಇಲ್ಲ. ಚೊಚ್ಚಲ ಬಾಣಂತನ ತವರಿನದು. ಹಾಗಾಗಿ ನಮ್ಮಪ್ಪನ ಹೆಸರು, ನಮ್ಮ ಮನೆಯ ವಿಳಾಸ. ತೊಟ್ಟಿಲಿಗೆ ಹಾಕುವ ಮೊದಲಾದ್ದರಿಂದ ಕೂಸಿಗೂ ಹೆಸರಿಲ್ಲ. ಕೊನೆಗೆ ಸಿಕ್ಕ ದಾಖಲೆಯಲ್ಲಿ ಇದ್ದದ್ದು ತೂಕ, ಲಸಿಕೆ, ಆಮೇಲೆ 'ಆರೋಗ್ಯವಾಗಿದೆ, ಮನೆಗೆ ಕಳಿಸಲಾಗಿದೆ'.

"ಸಪ್ಪಳದ ಮಾತು ಎಲ್ಲೂ ಇಲ್ಲಲ್ರೀ?"

"ಬರೇ ಸಪ್ಪಳ ಕೇಳಿದ್ರ ಬರ್ಯಾಂಗಿಲ್ರಿ, ಪಕ್ಕಾ ಆಗಬೇಕು," ಎಂದ ಕಂಪ್ಯೂಟರ್ ಮುಂದಿನವನು. "ಮತ್ತ ತೋರಿಸಾಕ ಬಂದಿದ್ರ ಬರೀತಿದ್ರು. ನೀವು ಬಂದೀರೇನು?"

ಬಂದಿರಲಿಲ್ಲ. ತೊಟ್ಟಿಲ ಕಾರ್ಯ ಮುಗಿದ ಮೇಲೆ ಕೂಸು ಬನಹಟ್ಟಿಗೆ ಹೋಗಿತ್ತು. ಅಲ್ಲಿಯ ಕಂಪ್ಯೂಟರಿನಲ್ಲಿ ಅದಕ್ಕೆ ಬೇರೆ ಹೆಸರು, ಬೇರೆ ಊರು, ಕಾಯಿಲೆ ಕಫ. ಎದೆಯಲ್ಲಿ ಸಪ್ಪಳವಿರುವ ಕೂಸುಗಳನ್ನು ಯಾರಾದರೂ ಎಣಿಸಲು ಕೂತರೆ ನಮ್ಮದು ಎರಡೂ ಕಡೆ ಲೆಕ್ಕಕ್ಕೆ ಸಿಗುವುದಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಇದೇ ತಲೆಯಲ್ಲಿ ಓಡುತ್ತಿತ್ತು. ಅಥವಾ 'ಮತ್ತ ತೋರಸ್ರಿ' ಎಂಬ ಮಾತನ್ನು ನಾನೇ ಕಟ್ಟಿಕೊಂಡೆನೇ?

"ಸುಳ್ಳಾದ್ರ ನನ್ನ ಬೈರಿ," ಎಂದು, ಕೂಸನ್ನು ಜಮಖಂಡಿಗೆ ಒಯ್ದು ತೋರಿಸಲು ತಂಗಿಯ ಅತ್ತೆಯನ್ನು ಒಪ್ಪಿಸಿದೆ.

"ಸುಳ್ಳಾಗ್ಲಿ ಬಿಡವ್ವಾ, ಸಕ್ಕರಿ ಹಂಚ್ತೀನಿ," ಎಂದರು.

ಜಮಖಂಡಿಯಲ್ಲಿ ಮಕ್ಕಳ ಹೃದಯದ ವೈದ್ಯರು ಕೂಸಿನ ಎದೆಯ ಸ್ಕ್ಯಾನ್ ಮಾಡಿದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಹೃದಯದ ಗೋಡೆಯಲ್ಲಿ ರಂಧ್ರವಿತ್ತು. ಸದ್ಯ ಔಷಧ, ತೂಕ ಏರದಿದ್ದರೆ ಶಸ್ತ್ರಚಿಕಿತ್ಸೆ.

"ಮುಂಚೆ ಯಾರಾದರೂ ಹೇಳಿದ್ರಾ?" ಎಂದು ಕೇಳಿದರು.

ನಾನು "ಹೂಂ" ಎಂದೆ, ತಂಗಿ "ಇಲ್ಲ" ಎಂದಳು, ಇಬ್ಬರೂ ಒಟ್ಟಿಗೇ.

ರಂಧ್ರ ಸಿಕ್ಕಿದ್ದರಿಂದ ನನ್ನ ನೆನಪು ಖರೆಯಾಗುವುದಿಲ್ಲ. ಮುಧೋಳದ ಡಾಕ್ಟರು "ಅಂಜಬ್ಯಾಡ್ರಿ" ಎಂದೂ ಅಂದಿರಬಹುದು. ಆದರೂ ಮುಧೋಳಕ್ಕೆ ಈ ವರದಿಯ ಪ್ರತಿ ಒಯ್ದು ಕೊಟ್ಟೆ. ಮುಗಿದ ಕೇಸಿನಲ್ಲಿ ಸೇರಿಸಲು ಬರುತ್ತದೋ ಇಲ್ಲವೋ, ಕೇಳಿ ಹೇಳುತ್ತೇನೆ ಎಂದಿದ್ದಾನೆ ಆ ಕಂಪ್ಯೂಟರ್ ಮುಂದಿನವನು. ಇನ್ನೂ ಹೇಳಿಲ್ಲ.

ನಿನ್ನೆ ಬನಹಟ್ಟಿಯಲ್ಲಿ ಮತ್ತೆ ಕರೆಂಟು ಹೋಯಿತು. ಕೂಸು ಎದ್ದಿತು. ಹಾಲು ಕುಡಿಸುತ್ತ ತಂಗಿ ಸೆರಗಿನಿಂದ ಅದರ ಹಣೆ ಒರೆಸಿ, ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಬೆವರು ಕಡಿಮಿ ಆಗೇತಲ್ಲ ಅಕ್ಕ?"

ಮೊದಲು ಎಷ್ಟಿತ್ತು ಎಂದು ನೆನೆಯಲು ನೋಡಿದೆ. ಖಾತ್ರಿಯಾಗಲಿಲ್ಲ. "ತೂಕ ಮಾಡಿಸೋಣ ನಡಿ," ಎಂದೆ.