ಬಲಗಾಲಿನ ಗಂಟು

ಸೂಜಿ ಹಿಡಿದಾಗ ಆ ಸೂಜಿ ಸಾಹೇಬರ ಕಿರುಬೆರಳು, ಮದುವೆ ಮನೆಯಲ್ಲಿ ಕಾಫಿ ಲೋಟ ಹಿಡಿದವರ ಹಾಗೆ, ಮೇಲೆದ್ದು ನಿಲ್ಲುತ್ತಿತ್ತು. ಹರಿಹರದ ಎಸ್‌ಟಿಡಿ ಬೂತೊಂದರ ಹಿಂದಿನ ಕೋಣೆಯಲ್ಲಿ ಅವರು ಕಬಡ್ಡಿ ಆಟಗಾರರ, ಕಾರ್ಖಾನೆ ನೌಕರರ ಸ್ನಾಯುನೋವಿಗೆ ಔಷಧಿಯಿಲ್ಲದ ಬರಿಯ ಸೂಜಿ ಚುಚ್ಚುತ್ತಿದ್ದರು. ಎಲ್ಲೋ ಒಂದು ವಾರದ ತರಬೇತಿ ಮುಗಿಸಿ ಬಂದ ಮೇಲೆ ಸ್ನಾಯುವಿನಲ್ಲಿ ಗಂಟಿಲ್ಲದ ಮನುಷ್ಯನೇ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಹೆಗಲನ್ನೂ ಒತ್ತಿ, "ಗಂಟು ಸಿಕ್ತು ನೋಡ್ರಿ!" ಎನ್ನುತ್ತಿದ್ದರು.

ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯ ಓಟಕ್ಕೆ ಒಂದೇ ದಿನ ಉಳಿದಿತ್ತು. ನನ್ನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ದಾವಣಗೆರೆಯಿಂದ ಬಸ್ಸು ಹತ್ತಿ ಅವರಲ್ಲಿಗೆ ಹೋದೆ. ನೋವಿನ ಜಾಗ ತೋರಿಸಿ ಬೋರಲು ಮಲಗಿದೆ. ಬೆಂಚಿನ ಮೇಲೆ ಕಾದಿದ್ದವರಿಗೆ ಉಪನ್ಯಾಸ ಕೊಡುತ್ತಲೇ ಅವರು ನನ್ನ ಬಲಗಾಲಿಗೆ ಚುಚ್ಚಿದರು. ಸ್ನಾಯು ಪಟಕ್ಕನೆ ಅದುರಿತು.

"ಗಂಟು ಸಿಕ್ತು ನೋಡ್ರಿ!"

"ಸರ್, ನೋವಿರೋದು ಎಡಗಾಲು."

ಕಿರುಬೆರಳು ಇಳಿಯಲಿಲ್ಲ. "ಗೊತ್ತೈತ್ರಿ ಮೇಡಂ. ನೋವು ಅಲ್ಲೈತೆ, ಬೇರು ಇಲ್ಲೈತೆ."

ಬೆಂಚಿನಲ್ಲಿದ್ದ ಕಬಡ್ಡಿ ಆಟಗಾರನೊಬ್ಬ ಪಕ್ಕದವನನ್ನು ಮುಂದೆ ತಳ್ಳಿದ. "ಹಂಗಾದ್ರೆ ಸಾಹೇಬ್ರೇ, ನನ್ನ ಬೆನ್ನುನೋವಿಗೆ ಇವನಿಗೆ ಚುಚ್ರಿ!"

ಎಲ್ಲರೂ ನಕ್ಕರು. ಅವರು ಮಾತ್ರ ಗಂಭೀರವಾಗಿ ಸೂಜಿ ಒರೆಸಿಕೊಂಡು, "ನಾಳೆ ಕುದುರೆ ಹಂಗೆ ಓಡ್ತೀರಿ," ಎಂದರು.

ಮರುದಿನ ಬೆಳಿಗ್ಗೆ ಎರಡೂ ಕಾಲೆಳೆಯುತ್ತ ಮೈದಾನಕ್ಕೆ ಹೋಗಿ, ನನ್ನ ಹೆಸರು ತೆಗೆಸಿ, ಉಳಿದವರ ಓಟಕ್ಕೆ ಸ್ಟಾಪ್‌ವಾಚ್ ಹಿಡಿದೆ.